ಓದುಗರ ಪ್ರಶ್ನೆ: ಆರಾಮಾಗಿದ್ದೇನೆ, ಇನ್ನು ಈ ಗುಳಿಗೆ ಯಾಕೆ?

ಹೋದ ತಿಂಗಳು ರಕ್ತದ ಕ್ಯಾನ್ಸರಿನ ಗುಳಿಗೆ ಬಗ್ಗೆ ಎರಡು ಸಾಲು ಬರೆದಿದ್ದೆ, ಅದಕ್ಕೇ ಇಷ್ಟು ಪತ್ರ ಬಂದಿದೆ, ಅದರಲ್ಲಿ ನಾಲ್ಕು ಆರಿಸಿಕೊಂಡಿದ್ದೇನೆ. ಮೊದಲೇ ಹೇಳಿಬಿಡ್ತೇನೆ, ನಾನು ಡಾಕ್ಟರ್ ಅಲ್ಲ, ಕುಮಟಾದಲ್ಲಿ ಮೂವತ್ತು ವರ್ಷ ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತ ಫಾರ್ಮಸಿಸ್ಟ್. ಡೋಸ್ ಎಷ್ಟು ಅನ್ನೋದು ನಿಮ್ಮ ಡಾಕ್ಟರ್ ಮಾತು, ಆ ಗುಳಿಗೆ ಮನೇಲಿ ಹೇಗೆ ತಗೊಳ್ಬೇಕು ಅನ್ನೋದಷ್ಟೇ ನನ್ನ ಮಾತು.

ಪ್ರಶ್ನೆ: ನಮ್ಮ ಅಪ್ಪಯ್ಯಂಗೆ 61 ವರ್ಷ, ಹೊನ್ನಾವರದ ಹತ್ರ ತೋಟ ಮಾಡ್ಕೊಂಡಿದ್ದಾರೆ. ಹೋದ ಚೌತಿ ಹೊತ್ತಿಗೆ ಸುಸ್ತು, ಹೊಟ್ಟೆಯ ಎಡಗಡೆ ಭಾರ ಅಂತಿದ್ರು, ರಕ್ತ ಟೆಸ್ಟ್ ಮಾಡ್ಸಿದ್ರೆ ಬಿಳಿ ರಕ್ತಕಣ ಒಂದೂವರೆ ಲಕ್ಷದ ಮೇಲಿತ್ತು. ಸಿಎಮ್ಎಲ್ ಅಂತ ಒಂದು ಥರದ ರಕ್ತದ ಕ್ಯಾನ್ಸರ್ ಅಂದ್ರು, ಇಮಾಟಿನಿಬ್ 400 ದಿನಕ್ಕೊಂದು ಕೊಟ್ಟಿದ್ದಾರೆ. ಐದು ತಿಂಗಳಾಯ್ತು, ಈಗ ಕೌಂಟ್ ನಾರ್ಮಲ್. ಆದ್ರೆ ಬೆಳಿಗ್ಗೆ ಬರೀ ಹೊಟ್ಟೇಲಿ ಚಾ ಜೊತೆ ನುಂಗ್ತಾರೆ, ವಾಂತಿ ಬಂದ ಹಾಗಾಗುತ್ತೆ ಅಂತಾರೆ, ಒಂದೆರಡು ಸಲ ಆಗಿದ್ದೂ ಉಂಟು. ಎದ್ದಾಗ ಕಣ್ಣು ಊದಿಕೊಂಡಿರುತ್ತೆ. ಈಗ "ನಾನು ಆರಾಮಿದ್ದೆ, ಇನ್ಯಾಕೆ" ಅಂತ ವಾರಕ್ಕೆ ಒಂದು ದಿನ ಬಿಡ್ತಿದ್ದಾರೆ. ಪಕ್ಕದ ಮನೆಯವರು ಅಮೃತಬಳ್ಳಿ ಕಷಾಯ ಕುಡಿಸಿ ಅಂತಾರೆ. ಮೆಡಿಕಲ್ನವರು ಈ ಸಲ ಬೇರೆ ಕಂಪನಿ ಗುಳಿಗೆ ಕೊಟ್ಟಿದ್ದಾರೆ. ನನಗೆ ತಲೆಬುಡ ತಿಳೀತಿಲ್ಲ.

ಉತ್ತರ: ತಂಗಿ, ಎಲ್ಲಕ್ಕಿಂತ ಮೊದಲು ಆ ವಾರಕ್ಕೊಂದು ದಿನ ಬಿಡೋದನ್ನ ನಿಲ್ಲಿಸಿ, ಉಳಿದದ್ದೆಲ್ಲ ಆಮೇಲೆ ಮಾತಾಡೋಣ. ಯಾಕೆ ಅಂತ ಅಪ್ಪಯ್ಯಂಗೆ ಕೂತು ಹೇಳ್ಬೇಕು, ಸುಮ್ನೆ ಬೈದ್ರೆ ಯಾರೂ ಕೇಳೋದಿಲ್ಲ. ಈ ಕಾಯಿಲೇಲಿ ಮೂಳೆ ಮಜ್ಜೆಯ ಜೀವಕೋಶದಲ್ಲಿ 9ನೇ ಮತ್ತು 22ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಅಂತ ಒಂದು ಜೀನ್ ಹುಟ್ಟಿಕೊಳ್ಳುತ್ತೆ. ಅದರಿಂದ ತಯಾರಾಗೋ ಪ್ರೋಟೀನು "ಹೆಚ್ಚಾಗಿ, ಇನ್ನೂ ಹೆಚ್ಚಾಗಿ" ಅಂತ ಬಿಳಿ ರಕ್ತಕಣಗಳಿಗೆ ಬಿಡುವಿಲ್ಲದೆ ಅಪ್ಪಣೆ ಕೊಡ್ತಾ ಇರುತ್ತೆ. ಇಮಾಟಿನಿಬ್ ಆ ಪ್ರೋಟೀನಿಗೆ ಹೋಗಿ ಕೂತು ಬಾಯಿ ಮುಚ್ಚಿಸುತ್ತೆ. ಆದ್ರೆ ದಿನದ ಗುಳಿಗೆ ಹೊಟ್ಟೆಗೆ ಬಿದ್ರೆ ಮಾತ್ರ, ಇಲ್ಲಾಂದ್ರೆ ಮತ್ತೆ ಶುರು. ಕೌಂಟ್ ನಾರ್ಮಲ್ ಆಗೋದು ಮೊದಲ ಮೆಟ್ಟಿಲು, ಸಾಮಾನ್ಯವಾಗಿ ಕೆಲವು ವಾರದಲ್ಲೇ ಆಗಿಬಿಡುತ್ತೆ. ಒಳಗೆ ಆ ಜೀನ್ ಇರೋ ಕೋಶಗಳು ಇನ್ನೂ ಇರ್ತವೆ, ಸಾದಾ ರಕ್ತ ಟೆಸ್ಟಲ್ಲಿ ಕಾಣೋದಿಲ್ಲ. ಅದಕ್ಕೇ ಮೂರು ತಿಂಗಳಿಗೊಮ್ಮೆ ರಕ್ತದಲ್ಲಿ ಆ ಜೀನ್ ಎಷ್ಟು ಉಳಿದಿದೆ ಅಂತ ಅಳೆಯೋ ಪಿಸಿಆರ್ ಟೆಸ್ಟ್ ಮಾಡ್ಸೋದು. ಮೊದಲ ಮೂರು ತಿಂಗಳಿಗೆ ಅದು 10 ಶೇಕಡಾಕ್ಕಿಂತ ಕೆಳಗೆ ಬಂದಿದ್ರೆ ದಾರಿ ಸರಿ ಇದೆ ಅಂತ ಲೆಕ್ಕ. ನಿಮ್ಮ ಪತ್ರದಲ್ಲಿ ಪಿಸಿಆರ್ ಸುದ್ದೀನೇ ಇಲ್ಲ, ಮಾಡ್ಸಿಲ್ಲಾಂದ್ರೆ ಈ ವಾರವೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

ವಾರಕ್ಕೊಂದು ಅಂದ್ರೆ ತಿಂಗಳಿಗೆ ನಾಲ್ಕು. 2010ರಲ್ಲಿ ಲಂಡನ್ನಿನ ಡಾಕ್ಟರುಗಳು 87 ಸಿಎಮ್ಎಲ್ ರೋಗಿಗಳ ಡಬ್ಬಿ ಮುಚ್ಚಳಕ್ಕೆ ಎಲೆಕ್ಟ್ರಾನಿಕ್ ಚಿಪ್ ಹಾಕಿ, ಯಾವಾಗ ಯಾವಾಗ ತೆಗೆದ್ರು ಅಂತ ಲೆಕ್ಕ ಇಟ್ಟು ನೋಡಿದ್ರು. 90 ಶೇಕಡಾಕ್ಕಿಂತ ಕಮ್ಮಿ ತಗೊಂಡವರಲ್ಲಿ ಕಾಯಿಲೆ ಆಳದಲ್ಲಿ ಹತೋಟಿಗೆ ಬಂದಿದ್ದು ತೀರಾ ಕಮ್ಮಿ. 90 ಅಂದ್ರೆ ತಿಂಗಳಿಗೆ ಮೂರು ಗುಳಿಗೆ ತಪ್ಪಿದ ಹಾಗೆ. ಅಪ್ಪಯ್ಯ ಆ ಗೆರೆ ದಾಟಿ ಆಗಿದೆ. ಈ ಒಂದು ವಿಷಯ ಅವರ ಎದುರು ಕೂತು ಓದಿ ಹೇಳಿ, ತೋಟಕ್ಕೆ ನೀರು ಒಂದು ವಾರ ತಪ್ಪಿದ್ರೆ ಏನಾಗುತ್ತೆ ಅಂತ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮುಂದೆ ಎಷ್ಟೋ ವರ್ಷ ಪಿಸಿಆರ್ ತೀರಾ ಕೆಳಗೇ ನಿಂತ್ರೆ ಕೆಲವರಿಗೆ ಡಾಕ್ಟರೇ ಗುಳಿಗೆ ನಿಲ್ಲಿಸಿ ನೋಡ್ತಾರೆ, ಅದೂ ಪದೇ ಪದೇ ಟೆಸ್ಟ್ ಮಾಡ್ತಾ. ಐದನೇ ತಿಂಗಳಲ್ಲಿ ಮನೇಲಿ ಕೂತು ತೀರ್ಮಾನ ಮಾಡೋ ವಿಷಯ ಅಲ್ಲ ಅದು.

ಇನ್ನು ವಾಂತಿ. ಇಮಾಟಿನಿಬ್ ಬರೀ ಹೊಟ್ಟೇಲಿ ತಗೊಳ್ಳೋ ಗುಳಿಗೆ ಅಲ್ಲ. ಊಟದ ಜೊತೆ, ದೊಡ್ಡ ಲೋಟ ತುಂಬ ನೀರಿನ ಜೊತೆ ತಗೊಳ್ಬೇಕು. ಬೆಳಿಗ್ಗೆ ತೋಟಕ್ಕೆ ಹೋಗೋ ಗಡಿಬಿಡಿ ಇದ್ರೆ ಮಧ್ಯಾಹ್ನದ ಊಟಕ್ಕೆ ಇಟ್ಕೊಳ್ಳಿ, ಅರ್ಧ ಅನ್ನ ಉಂಡು ಗುಳಿಗೆ ನುಂಗಿ ಉಳಿದರ್ಧ ಉಣ್ಣಲಿ, ನನ್ನ ಅಂಗಡಿಗೆ ಬರ್ತಿದ್ದ ಬಹಳ ಜನಕ್ಕೆ ಇದರಿಂದ ವಾಂತಿ ನಿಂತಿದೆ. ಯಾವ ಹೊತ್ತಾದ್ರೂ ಅಡ್ಡಿಲ್ಲ, ದಿನಾ ಅದೇ ಹೊತ್ತಾಗ್ಬೇಕು. ತಗೊಂಡ ಮೇಲೆ ವಾಂತಿ ಆದ್ರೆ ಇನ್ನೊಂದು ನುಂಗಿಸ್ಬೇಡಿ, ಮಾರನೇ ದಿನ ಹೊತ್ತಿಗೆ ಸರಿಯಾಗಿ ಒಂದು. ಮರೆತು ಹೋಗಿ ಮರುದಿನದ ಹೊತ್ತು ಹತ್ತಿರ ಬಂದಿದ್ರೂ ಹಾಗೇ, ನಿನ್ನೆದೂ ಇವತ್ತಿಂದೂ ಸೇರಿಸಿ ಎರಡು ಮಾತ್ರ ಬೇಡವೇ ಬೇಡ. ನುಂಗೋಕೆ ಕಷ್ಟ ಅಂದ್ರೆ 400ರ ಗುಳಿಗೆನ ಒಂದು ಲೋಟ, ಅಂದ್ರೆ 200 ಮಿಲಿ ನೀರಲ್ಲಿ ಹಾಕಿ ಚಮಚದಲ್ಲಿ ಕಲಸಿ, ಕರಗಿದ ತಕ್ಷಣ ಕುಡಿಸ್ಬಹುದು. ಕಲ್ಲಲ್ಲಿ ಜಜ್ಜಿ ಪುಡಿ ಮಾಡ್ಬೇಡಿ, ಬಸಿರಾದವರು ಮನೇಲಿದ್ರೆ ಅವರಂತೂ ಕರಗಿಸಿದ್ದನ್ನ, ಒಡೆದ ಗುಳಿಗೇನ ಮುಟ್ಟೋದೇ ಬೇಡ.

ಕಣ್ಣಿನ ಸುತ್ತ ಊತ ಈ ಔಷಧಿಯಲ್ಲಿ ತುಂಬಾ ಜನಕ್ಕೆ ಬರುತ್ತೆ, ಬೆಳಿಗ್ಗೆ ಜಾಸ್ತಿ ಇದ್ದು ಹೊತ್ತೇರಿದ ಹಾಗೆ ಇಳಿಯುತ್ತೆ. ಕಾಲಿನ ಮೀನಖಂಡ ಹಿಡ್ಕೊಳ್ಳೋದೂ ಹಾಗೇ. ಅದಕ್ಕೆ ಹೆದರಿ ಗುಳಿಗೆ ಬಿಡೋದು ಬೇಡ, ಮುಂದಿನ ಸಲ ಹೋದಾಗ ಹೇಳಿ. ಆದ್ರೆ ಮನೇಲಿ ಒಂದು ತೂಕದ ಮಶಿನ್ ಇಟ್ಕೊಳ್ಳಿ. ಕೆಲವೇ ದಿನದಲ್ಲಿ ತೂಕ ಸರ್ರನೆ ಏರಿದ್ರೆ, ಉಸಿರು ಕಟ್ಟಿದ್ರೆ, ಜ್ವರ ಬಂದ್ರೆ, ಮೈಮೇಲೆ ನೀಲಿ ಕಲೆ, ವಸಡಲ್ಲಿ ರಕ್ತ, ಕಪ್ಪು ಮಲ, ಕಣ್ಣು ಹಳದಿ, ಇವುಗಳಲ್ಲಿ ಯಾವುದು ಕಂಡ್ರೂ ಮುಂದಿನ ಅಪಾಯಿಂಟ್ಮೆಂಟಿಗೆ ಕಾಯ್ಬೇಡಿ, ಅವತ್ತೇ ಫೋನ್ ಮಾಡಿ.

ಅಮೃತಬಳ್ಳಿ ಬೇಡ. ಕೊರೊನಾ ಕಾಲದಲ್ಲಿ ನಮ್ಮ ಕಡೆ ಬೇಲಿ ಬೇಲಿಯಲ್ಲಿ ಹುಡುಕಿ ತಂದು ಕುದಿಸಿ ಕುಡಿದ್ರಲ್ಲ, ಆಗ್ಲೇ 2021ರಲ್ಲಿ ಮುಂಬೈನ ಲಿವರ್ ಡಾಕ್ಟರುಗಳು ಅದು ಕುಡಿದು ಲಿವರಿಗೆ ಪೆಟ್ಟಾದವರ ಬಗ್ಗೆ ಬರೆದಿದ್ರು. ಇಮಾಟಿನಿಬ್ ಕರಗಿ ಹೋಗೋದೇ ಲಿವರಿನಲ್ಲಿ, ಅದಕ್ಕೇ ಲಿವರ್ ಟೆಸ್ಟ್ ಮಾಡ್ಸ್ತಾ ಇರ್ತಾರೆ. ಪಕ್ಕದ ಮನೆಯವರು ಪ್ರೀತಿಯಿಂದ್ಲೇ ಹೇಳಿರ್ತಾರೆ, ಬೇಜಾರು ಮಾಡ್ಬೇಡಿ, ಡಾಕ್ಟರ್ ಬೇಡ ಅಂದಿದ್ದಾರೆ ಅಂತ ಹೇಳಿಬಿಡಿ. ಚಕ್ಕೋತ ಹಣ್ಣನ್ನೂ ದೂರ ಇಡಿ, ಅದರ ಹತ್ತಿರದ ಸಂಬಂಧಿ ಗ್ರೇಪ್‌ಫ್ರೂಟ್ ಈ ಔಷಧಿ ಮೈಯಲ್ಲಿ ಕರಗೋದನ್ನ ತಡೆದು ರಕ್ತದಲ್ಲಿ ಅದರ ಪ್ರಮಾಣ ಏರಿಸುತ್ತೆ, ಚಕ್ಕೋತದಲ್ಲೂ ಅಂಥದ್ದೇ ಅಂಶ ಇದೆ. ಮೀನು, ತಂಬುಳಿ, ಅಪ್ಪೆಹುಳಿ ಎಲ್ಲ ಉಣ್ಣಲಿ, ಮೀನು ಚೆನ್ನಾಗಿ ಬೆಂದಿರಲಿ ಅಷ್ಟೇ.

ಕಷಾಯಕ್ಕಿಂತ ನನಗೆ ಹೆಚ್ಚು ಹೆದರಿಕೆ ಬೇರೆ ಗುಳಿಗೆಗಳದ್ದು. ನಮ್ಮ ಕರಾವಳೀಲಿ ಮಳೆಗಾಲ ಬಂತಂದ್ರೆ ತೊಡೆಸಂದಿಗೆ ಗಜಕರ್ಣ, ತೋಟದವರಿಗಂತೂ ತಪ್ಪಿದ್ದಲ್ಲ, ಸೀದಾ ಅಂಗಡಿಗೆ ಬಂದು ಇಟ್ರಾಕೊನಜೋಲ್ ಕೊಡಿ ಅಂತಾರೆ. ಅದನ್ನ ಇಮಾಟಿನಿಬ್ ಜೊತೆ ತಗೊಂಡ್ರೆ ಇಮಾಟಿನಿಬ್ ರಕ್ತದಲ್ಲಿ ಏರಿಬಿಡುತ್ತೆ. ಕೆಮ್ಮಿಗೆ ಕೊಡೋ ಕ್ಲಾರಿಥ್ರೋಮೈಸಿನ್ ಕೂಡ ಹಾಗೇ. ತಿರುಗಾ ಮುರುಗಾ, ಟಿಬಿಯ ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್ ಅದನ್ನ ಇಳಿಸಿ ಕೆಲಸಕ್ಕೇ ಬಾರದ ಹಾಗೆ ಮಾಡ್ತವೆ. ಮೈಕೈ ನೋವಿಗೆ ಅಂತ ಐಬುಪ್ರೊಫೆನ್ ನೀವೇ ಕೊಡ್ಬೇಡಿ, ಪ್ಯಾರಾಸಿಟಮಾಲ್ ಎಷ್ಟು ಕೊಡ್ಬಹುದು ಅಂತಲೂ ಡಾಕ್ಟರನ್ನ ಕೇಳಿಟ್ಕೊಳ್ಳಿ. ಒಂದು ಸಲ ನನ್ನ ಕೌಂಟರಿಗೆ ಒಬ್ಬರು ಗಜಕರ್ಣದ ಚೀಟಿ ತಂದಿದ್ರು, ಹೆಂಡ್ತಿ ಹಿಂದಿನಿಂದ "ಇವ್ರಿಗೆ ದಿನಾ ಕ್ಯಾನ್ಸರ್ ಗುಳಿಗೆ ಉಂಟಲ್ರಾ" ಅಂದಿದ್ದಕ್ಕೆ ಗೊತ್ತಾಯ್ತು, ಇಲ್ಲಾಂದ್ರೆ ನಾನು ಕೊಟ್ಟು ಕಳಿಸ್ತಿದ್ದೆ. ಆ ದಿನದಿಂದ ಎಲ್ಲರಿಗೂ ಹೇಳ್ತೇನೆ, ದಿನಾ ತಗೊಳ್ಳೋ ಗುಳಿಗೆಗಳ ಹೆಸರು ಒಂದು ಚೀಟೀಲಿ ಬರೆದು ಕಿಸೇಲಿ ಇಟ್ಕೊಳ್ಳಿ, ಹಲ್ಲಿನ ಡಾಕ್ಟರ್ ಹತ್ರ ಹೋದ್ರೂ ತೋರಿಸಿ.

ಬೇರೆ ಕಂಪನಿ ಗುಳಿಗೆ ಅಂತ ಗಾಬರಿ ಬೇಡ. 2013ರ ಏಪ್ರಿಲ್ 1ಕ್ಕೆ ಸುಪ್ರೀಂ ಕೋರ್ಟು ಗ್ಲಿವೆಕ್ ಅನ್ನೋ ಮೂಲ ಬ್ರ್ಯಾಂಡಿಗೆ ಪೇಟೆಂಟ್ ಕೊಡೋಕಾಗೋದಿಲ್ಲ ಅಂತ ತೀರ್ಪು ಕೊಡ್ತು, ಅದಕ್ಕೇ ನಮ್ಮಲ್ಲಿ ಹಲವು ಕಂಪನಿಗಳ ಇಮಾಟಿನಿಬ್ ಕಮ್ಮಿ ದರಕ್ಕೆ ಸಿಗೋದು. ನೀವು ನೋಡ್ಬೇಕಾದ್ದು ಮಿಲಿಗ್ರಾಮ್. 100ರದ್ದೂ ಬರುತ್ತೆ 400ರದ್ದೂ ಬರುತ್ತೆ, 100ರದ್ದು ತಂದು ಒಂದೇ ನುಂಗಿದ್ರೆ ಕಾಲು ಡೋಸ್. ಹೊಸ ಸ್ಟ್ರಿಪ್ ಬಂದ ಕೂಡ್ಲೇ ಓದಿ, ಬದಲಾಗಿದೆ ಅಂತ ಡಾಕ್ಟರಿಗೂ ತಿಳಿಸಿ.

ಗುಳಿಗೆ ಮುಗಿಯೋ ದಿನದವರೆಗೂ ಕಾಯ್ಬೇಡಿ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದಾಗಿತ್ತಲ್ಲ, ಘಟ್ಟದ ರಸ್ತೆಗಳದ್ದೂ ಮಳೆಗಾಲದಲ್ಲಿ ಇದೇ ಕತೆ. ಜೂನ್‌ನಿಂದ ಸಪ್ಟೆಂಬರ್ ತನಕ ಮನೇಲಿ ಯಾವತ್ತೂ ಹದಿನೈದು ದಿನದ್ದು ಹೆಚ್ಚಿಗೆ ಇರಲಿ. ಸ್ಟ್ರಿಪ್ಪಿಂದ ಬಿಡಿಸಿ ಡಬ್ಬಿಗೆ ಹಾಕಿಡ್ಬೇಡಿ, ಉಪ್ಪೇ ನೀರು ಬಿಡೋ ನಮ್ಮ ಹವೆಯಲ್ಲಿ ಗುಳಿಗೆ ಎಷ್ಟು ದಿನ ಗಟ್ಟಿ ಇರ್ತದೆ? ಒಲೆ ಪಕ್ಕ, ಬಚ್ಚಲ ಕಿಟಕಿ ಎರಡೂ ಬೇಡ, ಕಪಾಟಿನ ಒಳಗೆ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಪ್ರಶ್ನೆ: ಕಾರವಾರದಿಂದ ಬರೀತಿದ್ದೇನೆ. ನನ್ನ ತಮ್ಮನಿಗೆ ಇಮಾಟಿನಿಬ್ ಸಾಕಾಗ್ಲಿಲ್ಲ ಅಂತ ನಿಲೋಟಿನಿಬ್ಬಿಗೆ ಬದಲಾಯಿಸಿದ್ದಾರೆ, ದಿನಕ್ಕೆ ಎರಡು ಹೊತ್ತು. ಮೊದಲಿನ ಹಾಗೇ ಊಟದ ಜೊತೆ ಕೊಡ್ತಿದ್ದೇವೆ, ಸರಿ ತಾನೆ?

ಉತ್ತರ: ಸರಿ ಅಲ್ಲ, ಇವತ್ತೇ ಬದಲಾಯಿಸಿ, ಇಷ್ಟು ದಿನ ಹೀಗೆ ಕೊಟ್ಟಿದ್ದೇವೆ ಅಂತ ಡಾಕ್ಟರಿಗೂ ಇವತ್ತೇ ತಿಳಿಸಿ. ನಿಲೋಟಿನಿಬ್ ಕ್ಯಾಪ್ಸೂಲ್ ಬರೀ ಹೊಟ್ಟೇಲೇ ತಗೊಳ್ಬೇಕು. ತಗೊಳ್ಳೋಕೆ ಎರಡು ಗಂಟೆ ಮುಂಚೆ ಏನೂ ತಿನ್ನೋ ಹಾಗಿಲ್ಲ, ತಗೊಂಡ ಮೇಲೆ ಒಂದು ಗಂಟೆ ಏನೂ ತಿನ್ನೋ ಹಾಗಿಲ್ಲ, ನೀರು ಕುಡೀಬಹುದು. ಊಟದ ಜೊತೆ ಹೋದ್ರೆ ರಕ್ತದಲ್ಲಿ ಅದರ ಪ್ರಮಾಣ ಏರಿ ಹೃದಯದ ಬಡಿತದ ಲಯ ತಪ್ಪೋ ಅಪಾಯ ಇದೆ, ಇಸಿಜಿ ಮಾಡ್ಸೋದು ಅದಕ್ಕೇ. ತಲೆಸುತ್ತು, ಎದೆ ಡವಡವ, ಕಣ್ಣು ಕತ್ತಲೆ ಆದ್ರೆ ಸೀದಾ ಆಸ್ಪತ್ರೆಗೆ ಹೋಗಿ. ಒಂದೇ ಕಾಯಿಲೆ, ಒಂದೇ ಜಾತಿ ಔಷಧಿ, ಆದ್ರೂ ಕ್ರಮ ಪೂರಾ ಉಲ್ಟಾ, ಗುಳಿಗೆ ಬದಲಾದಾಗ ಇದನ್ನ ಜೋರಾಗಿ ಹೇಳಿ ಕಳಿಸ್ಬೇಕಿತ್ತು, ನಿಮಗೆ ಯಾರೂ ಹೇಳದೇ ಇದ್ದಿದ್ದಕ್ಕೆ ನನಗೆ ನಿಜಕ್ಕೂ ಬೇಜಾರಾಗ್ತಿದೆ.

ಪ್ರಶ್ನೆ: ಶಿರಸಿಯವಳು ನಾನು. ಏಳು ವರ್ಷದ ಮಗನಿಗೆ ಎಎಲ್ಎಲ್ ಅನ್ನೋ ರಕ್ತದ ಕ್ಯಾನ್ಸರ್, ಬೆಂಗಳೂರಲ್ಲಿ ದೊಡ್ಡ ಟ್ರೀಟ್ಮೆಂಟ್ ಮುಗೀತು, ಈಗ ಮನೇಲಿ ಮೂರು ಥರದ ಗುಳಿಗೆ. ಒಂದು ದಿನಾ, ಒಂದು ವಾರಕ್ಕೊಮ್ಮೆ, ಒಂದು ವಾರದಲ್ಲಿ ಕೆಲವು ದಿನ. ತಪ್ಪಾಗಿಬಿಟ್ರೆ ಅಂತ ರಾತ್ರಿ ನಿದ್ದೆ ಬರೋದಿಲ್ಲ.

ಉತ್ತರ: ತಂಗಿ, ಆ ಮೂರರಲ್ಲಿ ವಾರಕ್ಕೊಮ್ಮೆದು ಮೆಥೋಟ್ರೆಕ್ಸೇಟ್ ಇರುತ್ತೆ, ಉಳಿದದ್ದೆಲ್ಲ ಬಿಟ್ರೂ ಅದೊಂದನ್ನ ನೆನಪಿಡಿ. ಅದನ್ನ ತಪ್ಪಿ ದಿನಾ ಕೊಟ್ರೆ ಜೀವಕ್ಕೇ ಅಪಾಯ, ಬಾಯೆಲ್ಲ ಹುಣ್ಣಾಗಿ ರಕ್ತಕಣ ಕುಸಿದುಬಿಡುತ್ತೆ. ವಾರದಲ್ಲಿ ಒಂದು ದಿನ ಗೊತ್ತು ಮಾಡ್ಕೊಳ್ಳಿ, ಬುಧವಾರ ಅಂದ್ರೆ ಬುಧವಾರ. ಕ್ಯಾಲೆಂಡರಲ್ಲಿ ಪ್ರತಿ ಬುಧವಾರಕ್ಕೂ ಕೆಂಪು ಸುತ್ತು ಹಾಕಿ, ಕೊಟ್ಟ ಮೇಲೆ ಗೀಟು ಎಳೀರಿ. ಆ ಸ್ಟ್ರಿಪ್ಪನ್ನ ಬೇರೆ ಗುಳಿಗೆ ಜೊತೆ ಇಡ್ಲೇಬೇಡಿ, ಬೇರೆ ಡಬ್ಬಿ, ಬೇರೆ ಜಾಗ. ಮನೇಲಿ ಕೊಡೋರು ಒಬ್ಬರೇ ಆಗಿರಲಿ, ನೀವು ಊರಿಗೆ ಹೋದಾಗ ಅಜ್ಜಿ ಕೊಡೋದಾದ್ರೆ ಬಾಯಲ್ಲಿ ಹೇಳಿ ಹೋಗೋದು ಬೇಡ, ಬರೆದಿಟ್ಟು ಹೋಗಿ. ಅಕಸ್ಮಾತ್ ಹೆಚ್ಚಿಗೆ ಹೋಯ್ತು ಅಂದ್ರೆ ಮಗು ಆಟ ಆಡ್ಕೊಂಡಿದ್ರೂ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.

ದಿನಾ ಕೊಡೋದು ಮರ್ಕ್ಯಾಪ್ಟೊಪ್ಯೂರಿನ್. ಕೌಂಟ್ ನೋಡಿ ಅದರ ಡೋಸ್ ಹೆಚ್ಚು ಕಮ್ಮಿ ಮಾಡ್ತಾ ಇರ್ತಾರೆ, ಹಾಗಾಗಿ ಹಳೇ ಚೀಟಿ ಹರಿದು ಹಾಕಿ, ಕೊನೇ ಚೀಟಿ ಒಂದೇ ಇರಲಿ. ಅರ್ಧ ಗುಳಿಗೆ ಮಾಡ್ಬೇಕಾದ್ರೆ ಕೈಗೆ ಗ್ಲೌಸ್ ಹಾಕ್ಕೊಂಡು ಗುಳಿಗೆ ಕಟರಲ್ಲಿ ಮಾಡಿ, ಅಡಿಗೆ ಚಾಕು ಬೇಡ. ಮೂರನೆಯದು ಬಹುಶಃ ಶ್ವಾಸಕೋಶದ ಸೋಂಕು ಬಾರದ ಹಾಗೆ ಕೊಡೋ ಕೋಟ್ರಿಮೋಕ್ಸಜೋಲ್, ಸಣ್ಣದು ಅಂತ ಬಿಡ್ಬೇಡಿ.

ಥರ್ಮಾಮೀಟರಲ್ಲಿ 100.4 ದಾಟಿತು ಅಂದ್ರೆ ರಾತ್ರಿ ಎರಡು ಗಂಟೆ ಆದ್ರೂ ಆಸ್ಪತ್ರೆ. ಬೆಂಗಳೂರು ದೂರ ಆಯ್ತಲ್ಲ, ಹಾಗಾಗಿ ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ರಾತ್ರಿ ಯಾವ ಆಸ್ಪತ್ರೆಗೆ ಹೋಗೋದು ಅಂತ ಈಗ್ಲೇ ನಿಮ್ಮ ಡಾಕ್ಟರ್ ಹತ್ರ ಕೇಳಿ, ಒಂದು ಪತ್ರ ಬರೆಸ್ಕೊಂಡು ಬನ್ನಿ. ಶಾಲೇಲಿ ಯಾರಿಗಾದ್ರೂ ಸಿಡುಬಿನ ಥರ ನೀರುಗುಳ್ಳೆ ಎದ್ದಿದೆ ಅಂತ ಗೊತ್ತಾದ್ರೂ ಅವತ್ತೇ ತಿಳಿಸಿ, ಟೀಚರಿಗೂ ಇದನ್ನ ಹೇಳಿಡಿ. ಲಸಿಕೆ ಯಾವುದೇ ಇರಲಿ, ಕೇಳದೇ ಹಾಕಿಸ್ಬೇಡಿ. ನಿದ್ದೆಗೆಟ್ಟು ಇಷ್ಟು ಯೋಚಿಸೋ ತಾಯಿ ಕೈಯಲ್ಲಿ ಮಗು ಇದೆ ಅನ್ನೋದೇ ನನಗೆ ಸಮಾಧಾನ.

ಪ್ರಶ್ನೆ: ಭಟ್ಕಳದಿಂದ. ದಿನಾ ಇಮಾಟಿನಿಬ್ 400 ತಗೊಳ್ತೇನೆ, ರಮ್ಜಾನಿನಲ್ಲಿ ರೋಜಾ ಹಿಡೀಬಹುದಾ?

ಉತ್ತರ: ದಿನಕ್ಕೆ ಒಂದೇ ಗುಳಿಗೆ, ಅದೂ ಊಟದ ಜೊತೆ ಆಗಿರೋದ್ರಿಂದ ಇಫ್ತಾರಿನ ನಂತರದ ಊಟಕ್ಕೆ ಇಟ್ಕೊಳ್ಳೋಕೆ ಆಗುತ್ತೆ. ಆದ್ರೆ ಹಗಲಿಡೀ ನೀರಿಲ್ಲದೆ ಇರೋದು ನಿಮ್ಮ ಮೂತ್ರಪಿಂಡ, ಕೌಂಟ್ ತಡ್ಕೊಳ್ಳುತ್ತಾ ಅನ್ನೋದನ್ನ ರಮ್ಜಾನ್ ಶುರುವಾಗೋಕೆ ಒಂದು ತಿಂಗಳ ಮುಂಚೆ ಡಾಕ್ಟರ್ ಹತ್ರ ಕೇಳಿ, ಟೆಸ್ಟ್ ಮಾಡಿ ಹೇಳ್ತಾರೆ. ಅವರು ಬೇಡ ಅಂದ್ರೆ ಕಾಯಿಲೆಯವರಿಗೆ ರಿಯಾಯಿತಿ ಇದೆ ಅಂತ ನಿಮಗೇ ಗೊತ್ತಲ್ಲ. ಹಿಡೀಬಹುದು ಅಂದ್ರೆ ಹೊತ್ತು ಬದಲಾಯಿಸೋದು ಹೇಗೆ, ಮಧ್ಯಾಹ್ನದಿಂದ ರಾತ್ರಿಗೆ ಒಂದೇ ದಿನಕ್ಕೆ ತರೋದಾ ಅಂತಲೂ ಅವತ್ತೇ ಕೇಳ್ಕೊಂಡು ಬನ್ನಿ. ರಾತ್ರಿ ಊಟ ಆದ ಕೂಡ್ಲೇ ಮಲಗ್ಬೇಡಿ, ಗುಳಿಗೆ ಎದೇಲಿ ಉರಿ ತರುತ್ತೆ, ರಾತ್ರಿಯ ತರಾವೀ ನಮಾಜು ಮುಗಿಸಿ ಬಂದು ಮಲಗೋದೇ ಒಳ್ಳೇದು.