ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಪ್ಯಾಂಕ್ರಿಯಾಸ್ ಯಾಕೆ ಕೆಡುತ್ತದೆ?

ನಿಮ್ಮಣ್ಣ ಕುಡಿಯುವುದಿಲ್ಲ, ಆದರೆ ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಾರೆ. ಡಾಕ್ಟರು ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಅಂದಿದ್ದಾರೆ, ಅಂದರೆ ಪ್ಯಾಂಕ್ರಿಯಾಸ್‌ಗೆ (ಮೇದೋಜ್ಜೀರಕ ಗ್ರಂಥಿಗೆ) ಬಹುಕಾಲ ಉಳಿಯುವ ಉರಿಯೂತ. ಸಿಗರೇಟಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ. ನನ್ನದೂ ಇದೇ ಕಥೆ. ನಾನು ಡಾಕ್ಟರಲ್ಲ, ಕಾಯಿಲೆಯವನು. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹಾಯುವ ನೋವು. ಗ್ಯಾಸ್ಟ್ರಿಕ್ ಅಂದುಕೊಂಡು ಎರಡು ವರ್ಷ ಸುಮ್ನೆ ಮಾತ್ರೆ ನುಂಗಿದೆ. ಆಸ್ಪತ್ರೆಯಲ್ಲಿ ಬಂದವರೆಲ್ಲ ಕೇಳಿದ್ದು ಒಂದೇ, "ಎಷ್ಟು ಕುಡೀತೀರಿ?" ಇಲ್ಲ ಅಂದರೆ ನಂಬಿದವರು ಕಡಿಮೆ, ನಮ್ಮತ್ತೆಯೂ ಸೇರಿ. ಎಷ್ಟು ಸೇದುತ್ತೀರಿ ಅಂತ ಕೇಳಿದ್ದು ಮೂರನೇ ಡಾಕ್ಟರು.

ಹೊಗೆಯ ವಿಷ ಶ್ವಾಸಕೋಶದಲ್ಲೇ ಉಳಿಯುವುದಿಲ್ಲ. ನಿಕೋಟಿನ್, ಜೊತೆಗೆ ತಂಬಾಕಿನ ನೈಟ್ರೋಸಮೈನ್‌ಗಳು ರಕ್ತಕ್ಕಿಳಿದು ಪ್ಯಾಂಕ್ರಿಯಾಸ್‌ಗೂ ಹೋಗುತ್ತವೆ. ಈ ಗ್ರಂಥಿ ದಿನಕ್ಕೆ ಒಂದೂವರೆ ಲೀಟರಿನಷ್ಟು ಜೀರ್ಣರಸ ಮಾಡುತ್ತದೆ. ಆ ರಸ ನಾಳದಲ್ಲಿ ಸರಾಗವಾಗಿ ಹರಿಯಲು ಬೈಕಾರ್ಬೊನೇಟ್ ಬೇಕು (ಅಡುಗೆ ಸೋಡಾದಲ್ಲಿ ಇರುತ್ತದಲ್ಲ, ಅದೇ). ಸೇದುವವರಲ್ಲಿ ಅದು ಕಡಿಮೆಯಾಗುತ್ತದೆ. ರಸ ಮಂದವಾಗಿ, ಅದರಲ್ಲಿನ ಪ್ರೋಟೀನ್ ಗಂಟುಕಟ್ಟಿ ನಾಳಕ್ಕೆ ಅಡ್ಡ ಕೂರುತ್ತದೆ. ಬರಬರುತ್ತಾ ಅದರ ಮೇಲೆ ಕ್ಯಾಲ್ಸಿಯಂ ಹತ್ತಿ ಕಲ್ಲಾಗುತ್ತದೆ. ನನ್ನ ಸಿಟಿ ಸ್ಕ್ಯಾನಿನಲ್ಲಿ ಯಾರೋ ರಂಗೋಲಿಗೆ ಚುಕ್ಕಿ ಇಟ್ಟು ಎದ್ದು ಹೋದಂತಿತ್ತು.

ಇನ್ನು ಸ್ಟೆಲೇಟ್ ಕೋಶ ಅಂತ ಇವೆ. ಪೆಟ್ಟು ಬಿದ್ದಲ್ಲಿ ತೇಪೆ ಹಾಕುವುದು ಅವುಗಳ ಕೆಲಸ. ಸೇದುತ್ತಲೇ ಇದ್ದರೆ ಉರಿಯೂತ ಆರುವುದಿಲ್ಲ, ತೇಪೆ ಹಾಕುವುದೂ ನಿಲ್ಲುವುದಿಲ್ಲ. ಮೆತ್ತಗಿದ್ದ ಗ್ರಂಥಿ ನಾರುಗಟ್ಟುತ್ತದೆ. ಆ ಭಾಗದಿಂದ ಆಮೇಲೆ ರಸವೂ ಇಲ್ಲ, ಇನ್ಸುಲಿನ್ನೂ ಇಲ್ಲ.

2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ್ದಾರೆ. ಸೇದದವರಿಗಿಂತ ಸೇದುವವರಿಗೆ ಈ ಕಾಯಿಲೆಯ ಅಪಾಯ 2.8 ಪಟ್ಟು. ಕುಡಿತದ ಪಾಲನ್ನು ಕಳೆದು ನೋಡಿದರೂ 2.5 ಪಟ್ಟು. ದಿನಕ್ಕೆ ಒಂದು ಪ್ಯಾಕ್ ಅಥವಾ ಜಾಸ್ತಿ ಸೇದುವವರಿಗೆ 3.3. ಆ ಲೆಕ್ಕದಲ್ಲಿ ಪ್ಯಾಕ್ ಅಂದರೆ 20 ಸಿಗರೇಟು, ನಮ್ಮಲ್ಲಿ ಸಾಮಾನ್ಯವಾಗಿ 10. ಅಂದರೆ ನಿಮ್ಮಣ್ಣನ ಎರಡು ಪ್ಯಾಕ್ ಅಲ್ಲಿಯ ಒಂದು. ಬಿಟ್ಟವರಲ್ಲಿ ಅದು 1.4ಕ್ಕೆ ಇಳಿದಿತ್ತು. ನಾನು ಬಿಟ್ಟಿದ್ದು ಈ ಸಂಖ್ಯೆ ನೋಡಿಯೇ.

ಹಾಗಂತ ಸಿಗರೇಟೊಂದೇ ಕಾರಣ ಅಂತಲ್ಲ. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದ ಕಡೆ, ಕುಡಿಯದ ಸೇದದ ಎಳೆಯರಿಗೂ ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲು ಬರುತ್ತದೆ. ಸ್ಪಿಂಕ್ 1 ಅನ್ನುವ ಜೀನ್‌ನ ದೋಷ ಅಂಥ ಹಲವರಲ್ಲಿ ಸಿಕ್ಕಿದೆ. ಆದರೆ ಮೊದಲ ಕಾರಣ ಯಾವುದೇ ಇರಲಿ, ಸಿಗರೇಟು ಕಾಯಿಲೆಯನ್ನು ಬೇಗ ಮುಂದಕ್ಕೆ ತಳ್ಳುತ್ತದೆ. ಹೇಗೂ ಪ್ಯಾಂಕ್ರಿಯಾಸ್ ಕೆಟ್ಟಾಯಿತು, ಇನ್ನು ಬಿಟ್ಟೇನು ಅಂತ ಅಣ್ಣ ಅಂದರೆ ಒಪ್ಪಬೇಡಿ. ನಾನೂ ಆರು ತಿಂಗಳು ಹಾಗೇ ಅಂದೆ, ಅಷ್ಟರಲ್ಲಿ ಮತ್ತೊಮ್ಮೆ ಅಡ್ಮಿಟ್ ಆದೆ.

ಬಿಟ್ಟು ನಾಲ್ಕು ವರ್ಷವಾಯಿತು. ಚುಕ್ಕಿಗಳು ಇದ್ದಲ್ಲೇ ಇವೆ, ನೋವು ಅಪರೂಪ. ಜೀರ್ಣರಸದ ಕೊರತೆ ತುಂಬಲು ಊಟದ ಮಧ್ಯೆ ಎನ್‌ಜೈಮ್ ಕ್ಯಾಪ್ಸೂಲ್ ತಗೊಳ್ಳುತ್ತೇನೆ. ಅಂದ ಹಾಗೆ, ನಿಮ್ಮಣ್ಣನ ಶುಗರ್ ನೋಡಿಸಿದ್ದೀರಾ? ಮಲ ಎಣ್ಣೆಯಂತೆ ತೇಲುತ್ತದಾ ಅಂತಲೂ ಕೇಳಿ. ಅವರಾಗಿ ಹೇಳಿಕೊಳ್ಳುವುದಿಲ್ಲ, ನಾನೂ ಹೇಳಿರಲಿಲ್ಲ.