ಗೆರೆ ದಾಟಿದ್ದು ಗೊತ್ತಾದ ಮೇಲೆ

ಪ್ರಶ್ನೆ: ನಾನು ಖಾಸಗಿ ಪೈಲಟ್. ಲೈಸೆನ್ಸ್ ಸಿಕ್ಕಿ ಎರಡು ವರ್ಷವಾಯಿತು. ಹೋದ ತಿಂಗಳು ನಾಲ್ಕು ಸೀಟಿನ ಸಣ್ಣ ವಿಮಾನದಲ್ಲಿ ಒಬ್ಬನೇ ಹೊರಟಿದ್ದೆ. ಎದುರಿಗೆ ಮೋಡ ಕಟ್ಟಿತ್ತು, ತಪ್ಪಿಸಲು ಎಡಕ್ಕೆ ತಿರುಗಿದೆ. ಸ್ವಲ್ಪ ಹೊತ್ತಿನ ಮೇಲೆ ಟ್ಯಾಬ್ಲೆಟ್ ನೋಡಿದರೆ ನಿರ್ಬಂಧಿತ ವಾಯುಪ್ರದೇಶದ ಒಳಗೇ ಇದ್ದೆ. ಗಾಬರಿಯಲ್ಲಿ ರೇಡಿಯೊದಲ್ಲಿ ಏನೂ ಹೇಳದೆ ಬಂದ ದಾರಿಯಲ್ಲೇ ವಾಪಸ್ ಬಂದುಬಿಟ್ಟೆ. ಒಳಗಿದ್ದದ್ದು ಮೂರೋ ನಾಲ್ಕೋ ನಿಮಿಷ. ಇದುವರೆಗೆ ಯಾರೂ ಏನೂ ಕೇಳಿಲ್ಲ. ಸುಮ್ನೆ ಇದ್ದುಬಿಡಲೇ? ಅವತ್ತಿನಿಂದ ವಿಮಾನ ಹತ್ತುವ ಧೈರ್ಯವೇ ಬರುತ್ತಿಲ್ಲ.

ಉತ್ತರ: ಮೊದಲು ಒಂದು ಮಾತು. ಮೋಡ ಕಂಡು ತಿರುಗಿದ್ದು ಸರಿಯಾಗಿಯೇ ಇದೆ. ಹೊರಗಿನ ನೆಲ ನೋಡಿಕೊಂಡು ಹಾರಲು ಕಲಿತವರು ಮೋಡದೊಳಗೆ ಹೊಕ್ಕರೆ ಕೆಲವೇ ನಿಮಿಷಗಳಲ್ಲಿ ವಿಮಾನ ಕೈತಪ್ಪಬಹುದು. ಹಾಗಾಗಿ ಆ ನಿರ್ಧಾರಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ನನಗೆ ಚಿಂತೆಯಾಗಿದ್ದು ನಿಮ್ಮ ರೇಡಿಯೊ ಸುಮ್ಮನಿದ್ದದ್ದಕ್ಕೆ. ಕೆಳಗೆ ರೇಡಾರ್ ಮುಂದೆ ಕೂತವರಿಗೆ ಕಾಣುವುದು ಒಂದು ಚುಕ್ಕೆ, ಅಷ್ಟೇ. ಆ ಚುಕ್ಕೆಯೊಳಗೆ ದಾರಿ ತಪ್ಪಿ ನಡುಗುತ್ತಿರುವ ಒಬ್ಬ ಪೈಲಟ್ ಇದ್ದಾನೋ, ಕೆಟ್ಟ ಉದ್ದೇಶ ಇಟ್ಟುಕೊಂಡವನು ಇದ್ದಾನೋ ಅವರಿಗೆ ಹೇಗೆ ಗೊತ್ತಾಗಬೇಕು? 'ದಾರಿ ತಪ್ಪಿ ಒಳಗೆ ಬಂದಿದ್ದೇನೆ, ಯಾವ ಕಡೆ ತಿರುಗಲಿ?' ಎಂದಿದ್ದರೆ ಸಾಕಿತ್ತು. ಅಲ್ಲಿನ ಫ್ರೀಕ್ವೆನ್ಸಿ ಗೊತ್ತಿಲ್ಲದಿದ್ದರೆ 121.5 ಮೆಗಾಹರ್ಟ್ಸ್ ಇದೆ. ಅದು ಎಲ್ಲ ದೇಶಗಳಲ್ಲೂ ಒಂದೇ ಆಗಿರುವ ತುರ್ತು ಫ್ರೀಕ್ವೆನ್ಸಿ. ಇನ್ನೊಂದು ವಿಷಯ, ಬಂದ ದಾರಿಯೇ ಹೊರಹೋಗುವ ಒಳ್ಳೆಯ ದಾರಿ ಅಂತೇನೂ ಇಲ್ಲ. ಒಳಗೆ ಫಿರಂಗಿ ಹೊಡೆಯುವ ಅಭ್ಯಾಸ ನಡೆಯುತ್ತಿರಬಹುದು, ಜೆಟ್‌ಗಳು ತರಬೇತಿಗೆ ಬಂದಿರಬಹುದು. ಯಾವ ಕಡೆ ಖಾಲಿ ಇದೆ ಅನ್ನುವುದು ಕಂಟ್ರೋಲರ್‌ಗೆ ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ. ಆ ಗೆರೆ ಎಳೆದಿರುವುದು ನಿಮ್ಮ ಜೀವ ಉಳಿಸಲಿಕ್ಕೂ ಹೌದು, ಇದನ್ನು ಬಹಳ ಜನ ಮರೆಯುತ್ತಾರೆ.

ತಾನು ತಪ್ಪು ಜಾಗದಲ್ಲಿದ್ದೇನೆ ಅನ್ನುವುದೇ ಗೊತ್ತಾಗದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 1983ರ ಸೆಪ್ಟೆಂಬರ್ 1ರ ಘಟನೆ ಇದೆ. ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನ ಆಂಕರೇಜ್‌ನಿಂದ ಸೋಲ್‌ಗೆ ಹೊರಟಿತ್ತು. ಆಟೋಪೈಲಟ್ ನಿಗದಿತ ಮಾರ್ಗ ಹಿಡಿಯದೆ ಒಂದೇ ದಿಕ್ಕಿಗೆ ಹಾರಿಸುತ್ತಿದ್ದದ್ದು ಸಿಬ್ಬಂದಿಗೆ ಐದು ಗಂಟೆಗೂ ಜಾಸ್ತಿ ಹೊತ್ತು ಗೊತ್ತಾಗಲಿಲ್ಲ. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು, 269 ಜನರೂ ಸತ್ತರು. ನಾಗರಿಕ ವಿಮಾನಗಳ ಮೇಲೆ ಆಯುಧ ಬಳಸಬಾರದು ಎಂಬ ವಿಧಿ 1984ರಲ್ಲಿ ನಾಗರಿಕ ವಿಮಾನಯಾನದ ಅಂತರರಾಷ್ಟ್ರೀಯ ಒಪ್ಪಂದವಾದ ಷಿಕಾಗೊ ಒಪ್ಪಂದಕ್ಕೆ ಸೇರಿದ್ದು ಆ ಸಾವುಗಳ ನಂತರ. ಇವತ್ತು ನಿಮ್ಮ ವಿಮಾನಕ್ಕೂ ಆ ರಕ್ಷಣೆ ಇದೆ. ಆದರೆ ಅದನ್ನೇ ನಂಬಿಕೊಂಡು ಹಾರುವುದು ಬೇಡ.

ಇನ್ನು ಸುಮ್ನೆ ಇರಬೇಕೇ ಅನ್ನುವ ಪ್ರಶ್ನೆ. ಬೇಡ, ದಯವಿಟ್ಟು ಬೇಡ. ರೇಡಾರ್ ದಾಖಲೆ ಉಳಿದಿರುತ್ತದೆ, ಯಾರೋ ನಿಧಾನವಾಗಿ ನೋಡುತ್ತಿರಬಹುದು. ಅದಕ್ಕಿಂತ ಮುಖ್ಯ, ಹೇಳದೆ ಉಳಿಸಿಕೊಂಡ ಭಯ ನಿಮ್ಮನ್ನು ನೆಲದ ಮೇಲೇ ಕೂರಿಸಿದೆ, ಅಲ್ವಾ? ಇವತ್ತೇ ಕೂತು ಸಮಯ, ಎತ್ತರ, ದಿಕ್ಕು, ಯಾವ ನಕ್ಷೆ ನೋಡುತ್ತಿದ್ದಿರಿ ಎಲ್ಲವನ್ನೂ ಬರೆದಿಡಿ. ಅದನ್ನು ಹಿಡಿದುಕೊಂಡು ನಿಮಗೆ ಕಲಿಸಿದ ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ. ಆಮೇಲೆ ನಿಮ್ಮ ದೇಶದ ವರದಿ ವ್ಯವಸ್ಥೆಗೆ ತಿಳಿಸಿ. ಅಮೆರಿಕದಲ್ಲಿ 1976ರಿಂದ ನಾಸಾ ಇಂಥ ಒಂದು ವ್ಯವಸ್ಥೆ ನಡೆಸುತ್ತಿದೆ. ಬೇಕೆಂದು ಮಾಡದ ತಪ್ಪನ್ನು 10 ದಿನದೊಳಗೆ ಬರೆದು ಕಳಿಸಿದರೆ ಸಾಮಾನ್ಯವಾಗಿ ಶಿಕ್ಷೆ ಬೀಳುವುದಿಲ್ಲ, ತಡವಾಗಿ ಬಂದ ವರದಿಯನ್ನೂ ತೆಗೆದುಕೊಳ್ಳುತ್ತಾರೆ, ಆಗ ಆ ರಿಯಾಯಿತಿ ಮಾತ್ರ ಇರುವುದಿಲ್ಲ. ಬೇರೆ ದೇಶಗಳ ನಿಯಮ ಬೇರೆ, ಆದರೂ ತಾನಾಗಿ ಬಂದು ಹೇಳಿದವರನ್ನೂ ಸಿಕ್ಕಿಬಿದ್ದವರನ್ನೂ ಒಂದೇ ಕಣ್ಣಿನಿಂದ ನೋಡುವವರು ಕಡಿಮೆ.

ಮುಂದಿನ ಸಲಕ್ಕೆ? ನಿಮ್ಮ ಪತ್ರದಲ್ಲಿ ನೋಟಮ್, ಅಂದರೆ ದಾರಿಯ ನಿರ್ಬಂಧ, ಬದಲಾವಣೆಗಳನ್ನು ಪೈಲಟ್‌ಗಳಿಗೆ ತಿಳಿಸುವ ಅಧಿಕೃತ ಸೂಚನೆ, ಓದಿದ ಸುದ್ದಿಯೇ ಇಲ್ಲ. 2005ರ ಮೇ 11ರಂದು ಒಂದು ಸೆಸ್ನಾ 150 ದಾರಿ ತಪ್ಪಿ ವಾಷಿಂಗ್ಟನ್ ನಗರದ ಮೇಲೆ ಬಂತು. ಶ್ವೇತಭವನ, ಸಂಸತ್ ಭವನ ಎರಡನ್ನೂ ಖಾಲಿ ಮಾಡಿಸಬೇಕಾಯಿತು. ಹೊರಡುವ ಮೊದಲು ಹವಾಮಾನವನ್ನೂ ನೋಟಮ್‌ಗಳನ್ನೂ ನೋಡಿರಲಿಲ್ಲ ಎಂದು ಮುಖ್ಯ ಪೈಲಟ್‌ನ ಲೈಸೆನ್ಸ್ ರದ್ದಾಯಿತು. ನಿರ್ಬಂಧ ಯಾವ ಹೊತ್ತಿಗೆ, ಎಷ್ಟು ಎತ್ತರದವರೆಗೆ ಅನ್ನುವುದು ಬದಲಾಗುತ್ತಿರುತ್ತದೆ. ನಿಮ್ಮ ಟ್ಯಾಬ್ಲೆಟ್‌ನ ಮಾಹಿತಿ 28 ದಿನಕ್ಕೊಮ್ಮೆ ಹೊಸದಾಗಬೇಕು, ಹಳೆಯದಾದ ನಕ್ಷೆ ತಪ್ಪನ್ನೂ ಅಷ್ಟೇ ಚಂದವಾಗಿ ತೋರಿಸುತ್ತದೆ. ನಾನಂತೂ ಹೊರಡುವ ಮುಂಚೆಯೇ ದಾರಿಯ ಪ್ರತಿ ತುಂಡಿಗೂ 'ಇಲ್ಲಿ ಮೋಡ ಬಂದರೆ ಬಲಕ್ಕೆ, ಅಲ್ಲಿ ಬಂದರೆ ವಾಪಸ್' ಅಂತ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ, ಯಾಕೆಂದರೆ ಮೋಡ ಮೂಗಿನ ಮುಂದೆ ನಿಂತಾಗ ನಕ್ಷೆ ಓದುವಷ್ಟು ತಾಳ್ಮೆ ಯಾರಿಗೂ ಉಳಿದಿರುವುದಿಲ್ಲ. ಇನ್‌ಸ್ಟ್ರಕ್ಟರ್ ಜೊತೆ ಅದೇ ದಾರಿಯಲ್ಲಿ ಒಮ್ಮೆ ಹಾರಿ ಬನ್ನಿ. ಆ ಗೆರೆಯ ಹತ್ತಿರ ಬಂದಾಗ ರೇಡಿಯೊದಲ್ಲಿ ನೀವೇ ಮಾತಾಡಿ.

ಪ್ರಶ್ನೆ: ಇಂಥ ಹೊತ್ತಿನಲ್ಲಿ ಯುದ್ಧವಿಮಾನ ಪಕ್ಕಕ್ಕೆ ಬಂದರೆ ಏನು ಮಾಡಬೇಕು? ನಾನಿನ್ನೂ ಕಲಿಯುತ್ತಿದ್ದೇನೆ.

ಉತ್ತರ: ಕಲಿಯುವಾಗಲೇ ಕೇಳಿದ್ದು ಒಳ್ಳೆಯದಾಯಿತು. ಅದು ಸಾಮಾನ್ಯವಾಗಿ ನಿಮ್ಮ ಎಡಕ್ಕೆ, ಸ್ವಲ್ಪ ಮುಂದೆ ಬಂದು ರೆಕ್ಕೆ ಅಲ್ಲಾಡಿಸುತ್ತದೆ. 'ನನ್ನ ಹಿಂದೆ ಬಾ' ಎಂದು ಅರ್ಥ. ನೀವೂ ರೆಕ್ಕೆ ಅಲ್ಲಾಡಿಸಿ, ಅದು ತಿರುಗಿದ ಕಡೆ ತಿರುಗಿ. 121.5ರಲ್ಲಿ ಮಾತಾಡಿ, ಕಂಟ್ರೋಲರ್ ಬೇರೆ ಹೇಳದಿದ್ದರೆ ಟ್ರಾನ್ಸ್‌ಪಾಂಡರ್‌ನಲ್ಲಿ (ರೇಡಾರ್‌ಗೆ ನಿಮ್ಮ ಗುರುತು ಕಳಿಸುವ ಉಪಕರಣ) ತುರ್ತು ಸಂಕೇತವಾದ 7700 ಹಾಕಿ. ಹೇಳಿದಂತೆ ಮಾಡಲು ಆಗುತ್ತಿಲ್ಲ ಎಂದಾದರೆ ಎಲ್ಲ ದೀಪಗಳನ್ನೂ ಒಂದೇ ಸಮನಾದ ಅಂತರದಲ್ಲಿ ಹಚ್ಚಿ ಆರಿಸಿ. ಯುದ್ಧವಿಮಾನ ನಿಲ್ದಾಣದ ಸುತ್ತ ಹಾರಿ, ಚಕ್ರ ಇಳಿಸಿ ರನ್‌ವೇ ಮೇಲೆ ಹಾದುಹೋದರೆ ಅಲ್ಲೇ ಇಳಿಯಬೇಕು. ಥಟ್ಟನೆ ಮೇಲೇರುತ್ತಾ 90 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ತಿರುಗಿ ದೂರ ಹೋದರೆ ನೀವು ಹೊರಡಬಹುದು. ಒಂದನ್ನು ಮಾತ್ರ ಸರಿಯಾಗಿ ಗುರುತಿಸಿ: ಸಣ್ಣ ವಿಮಾನದಷ್ಟು ನಿಧಾನ ಹಾರಲು ಜೆಟ್‌ಗೆ ಆಗುವುದಿಲ್ಲ. ಅದಕ್ಕೇ ಅದು ಮುಂದೆ ಹೋಗಿ, ದೊಡ್ಡ ಸುತ್ತು ಹಾಕಿ, ಮತ್ತೆ ಪಕ್ಕಕ್ಕೆ ಬಂದು ರೆಕ್ಕೆ ಅಲ್ಲಾಡಿಸುತ್ತದೆ. ಮುಂದೆ ಹೋಯಿತೆಂದು ಬಿಟ್ಟುಹೋಯಿತು ಅಂದುಕೊಳ್ಳಬೇಡಿ.