ಲಡಾಖ್ ಪ್ರವಾಸಕ್ಕೆ ಹಳೆಯ ಫೋರ್ ಬೈ ಫೋರ್ ನೋಡಲು ಹೊರಟವರು ಒಂದು ಚಾಪೆ ಜೊತೆಗಿಟ್ಟುಕೊಳ್ಳಿ

ನಿಮ್ಮ ಬಜೆಟ್ 9 ಲಕ್ಷ. ಬೆಂಗಳೂರಿನಿಂದ ಹಿಮಾಚಲದ ಸ್ಪಿತಿ, ಲಡಾಖ್ ಸುತ್ತಿ ಬರಲು ಒಂದು ತಿಂಗಳು ರಜೆ. ಜೊತೆಗೆ ಹೆಂಡತಿ, 8 ವರ್ಷದ ಮಗಳು. ಆದಷ್ಟು ರಾತ್ರಿ ಗಾಡಿಯಲ್ಲೇ ಮಲಗುವ ಆಸೆ. ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯೇ ಬೇಕು, ಮಹೀಂದ್ರದ ಹಳೆಯ ಥಾರ್ ಮೇಲೆ ಕಣ್ಣಿದೆ, ತಗೊಳ್ಳಬಹುದಾ ಎಂದು ಕೇಳಿದ್ದೀರಿ.

ಬೇಡ. ಥಾರ್ ಕೆಟ್ಟ ಗಾಡಿ ಅಂತಲ್ಲ. 2010ರಿಂದ 2020ರವರೆಗೆ ಬಂದ ಹಳೆಯ ಥಾರ್‌ನಲ್ಲಿ ಹಿಂದಿನ ಸೀಟು ಎದುರುಬದುರು ಬೆಂಚು. ಮಗು ಅಡ್ಡಡ್ಡ ಕೂತು ಹೋಗಬೇಕು. ಸಕಲೇಶಪುರದ ತೋಟಕ್ಕೆ ಹೋಗಿಬರಲು ಅದು ಸರಿ. ಲೇಹ್‌ಗೆ ಒಂದು ಕಡೆಗೇ 3,000 ಕಿ.ಮೀ. ದಾಟುತ್ತದೆ. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್‌ನಲ್ಲಿ ಬಹುಪಾಲು ಮಾದರಿಗಳ ಹಿಂದಿನ ಸೀಟು ಮುಂದಕ್ಕೆ ಮುಖ ಮಾಡಿದೆ, ಆದರೆ ನಾಲ್ಕು ಜನ ಕೂತರೆ ಲಗೇಜಿಗೆ ಜಾಗವೇ ಇಲ್ಲ. ಇನ್ನೊಂದು ಮಾತು: 2023ರಿಂದ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಥಾರ್ ಕೂಡ ಬಂದಿದೆ. ಥಾರ್ ಅಂದಮಾತ್ರಕ್ಕೆ ಫೋರ್ ಬೈ ಫೋರ್ ಅಂದುಕೊಳ್ಳಬೇಡಿ.

ಈ ಪ್ರವಾಸದಲ್ಲಿ ಫೋರ್ ಬೈ ಫೋರ್ ಎಷ್ಟು ಬೇಕಾಗುತ್ತದೆ ಗೊತ್ತಾ? ಬೇಸಿಗೆಯಲ್ಲಿ ಕುಂಜುಂ ಪಾಸ್ (ಬೆಟ್ಟ ದಾಟುವ ಎತ್ತರದ ದಾರಿ) ಹತ್ತಿ ಇಳಿದು ಸ್ಪಿತಿಯ ಕಾಜಾ ಊರಿಗೆ ಹಿಮಾಚಲದ ಸರ್ಕಾರಿ ಬಸ್ಸೇ ಹೋಗುತ್ತದೆ. ಅದಕ್ಕೆ ಫೋರ್ ಬೈ ಫೋರೂ ಇಲ್ಲ, ಮಣ್ಣೂ ಇಲ್ಲ. ನಾನು 2023ರಲ್ಲಿ ಮನೆಯವರ ಜೊತೆ 31 ದಿನ ಸುತ್ತಿದೆ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಆದರೆ ಹೆಚ್ಚು ಬಲದ ಗೇರ್) ಹಾಕಿದ್ದು ಎರಡೇ ಸಲ, ಅದೂ ಒಂದೇ ದಿನ, ಅದೇ ಕಾಜಾ ದಾರಿಯ ಛತ್ರು ಮತ್ತು ಬಾತಲ್ ನಡುವಿನ ನೀರಿನ ಹಳ್ಳಗಳಲ್ಲಿ. ಹಾಕಬೇಕಾಗಿ ಬಂದಿದ್ದಕ್ಕೆ ತಪ್ಪು ನಂದೇ. ಬೆಳಗ್ಗೆ ಚಹಾ ಕುಡಿಯುತ್ತಾ ಕೂತು ಹೊತ್ತು ಮಾಡಿದ್ದೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಹಳ್ಳ ಏರುತ್ತದೆ. ಬೆಳಗ್ಗೆ ಏಳಕ್ಕೆ ಹೊರಟವರು ಪಾದ ಮುಳುಗುವಷ್ಟು ನೀರಿನಲ್ಲಿ ದಾಟಿದ್ದರು, ನಮಗೆ ಮಧ್ಯಾಹ್ನ ಮೊಣಕಾಲು ದಾಟಿತ್ತು.

ಹಾಗಾಗಿ ನನ್ನ ಲೆಕ್ಕ ಹೀಗೆ. ಮೊದಲು ಚಾಸಿ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು ನೆಟ್ಟಗಿರಬೇಕು. ಆಮೇಲೆ ಸಣ್ಣ ಊರಿನ ಮೆಕ್ಯಾನಿಕ್‌ಗೂ ಅದರ ರಿಪೇರಿ ಗೊತ್ತಿರಬೇಕು. ಆಮೇಲೆ ಹಿಂದಿನ ಸೀಟಿನಲ್ಲಿ ಕೂತವರು ಬದುಕಬೇಕು. ಫೋರ್ ಬೈ ಫೋರ್ ನಾಲ್ಕನೆಯದು. ಆದರೆ ದುಡ್ಡು ಕೊಟ್ಟ ಮೇಲೆ ಅದು ಕೆಲಸವನ್ನಂತೂ ಮಾಡಬೇಕು, ಅಲ್ವಾ?

ನನ್ನ ಮೊದಲ ಗಾಡಿ ಮಾಡುತ್ತಿರಲಿಲ್ಲ. ಯಾವ ಗಾಡಿ ಅಂತ ಹೇಳುವುದಿಲ್ಲ, ಗಾಡಿಯ ತಪ್ಪಲ್ಲ ಅದು. ನೋಡಲು ಹೋದಾಗ ಮಾರುವವರು ಫೋರ್ ಬೈ ಫೋರ್ ಲಿವರ್ ಎಳೆದು ತೋರಿಸಿದರು, ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ದೀಪ ಹತ್ತಿತು, ನಾನು ಖುಷಿಯಾಗಿ ಅಡ್ವಾನ್ಸ್ ಕೊಟ್ಟೆ. ಮೂರು ವಾರದ ನಂತರ ಮಳೆಯಲ್ಲಿ ತೋಟದ ಏರಿನಲ್ಲಿ ಸಿಕ್ಕಿಹಾಕಿಕೊಂಡೆ. ದೀಪ ಹತ್ತಿದೆ, ಹಿಂದಿನ ಚಕ್ರ ಕೆಸರು ಎರಚುತ್ತಿದೆ, ಮುಂದಿನ ಚಕ್ರ ಅಲ್ಲಾಡುತ್ತಿಲ್ಲ. ಪಕ್ಕದ ತೋಟದ ಡ್ರೈವರ್ ಬಂದು, ಬಗ್ಗಿ ಟಾರ್ಚ್ ಬಿಟ್ಟು, ನಗಲು ಶುರು ಮಾಡಿದ. ಮುಂದಿನ ಚಕ್ರಗಳ ಕಡೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಇರಲಿಲ್ಲ! ಹಿಂದಿನ ಮಾಲೀಕರು ಯಾವಾಗಲೋ ಅದರ ಕ್ರಾಸ್ (ಶಾಫ್ಟಿನ ತುದಿಯ ಕೀಲು) ಸವೆದು ಸದ್ದು ಬಂದಾಗ ಬಿಚ್ಚಿ ಎಸೆದಿದ್ದಾರೆ. ಆ ದೀಪಕ್ಕೆ, ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಗೇರ್ ಕೂತಿದ್ದು ಮಾತ್ರ ಗೊತ್ತು. ಅಲ್ಲಿಂದ ಮುಂದೆ ಶಾಫ್ಟ್ ಇದೆಯೋ ಇಲ್ಲವೋ ಅದಕ್ಕೇನು ಗೊತ್ತು?

ಅದಕ್ಕೇ ಚಾಪೆ. ಹಗಲಲ್ಲಿ ಹೋಗಿ, ಗಾಡಿಯ ಕೆಳಗೆ ಚಾಪೆ ಹಾಸಿ, ಟಾರ್ಚ್ ಹಿಡಿದು ಮಲಗಿ. ಟ್ರಾನ್ಸ್‌ಫರ್ ಕೇಸಿನಿಂದ ಎರಡು ಶಾಫ್ಟ್ ಹೊರಡಬೇಕು, ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ಕೈಯಿಂದ ಹಿಡಿದು ತಿರುಗಿಸಿ, ಲಟಲಟ ಅಂದರೆ ಕ್ರಾಸ್ ಸವೆದಿದೆ. ಅಲ್ಲೇ ಮಲಗಿದ ಹಾಗೆ ಚಾಸಿ ನೋಡಿ. ಹತ್ತು ವರ್ಷದ ಗಾಡಿಯ ಚಾಸಿ ಧೂಳು ಹಿಡಿದು ಬೂದಿ ಬಣ್ಣಕ್ಕೆ ತಿರುಗಿರಬೇಕು. ಮಿರಿಮಿರಿ ಮಿಂಚುವ ಹೊಸ ಕಪ್ಪು ಪೇಂಟ್ ಇದ್ದರೆ ಅನುಮಾನ ಪಡಿ, ಕೆಳಗೆ ತುಕ್ಕೋ ವೆಲ್ಡಿಂಗೋ ಇರುತ್ತದೆ. ಮುಂದಿನ ತುದಿಯಲ್ಲಿ ಸುಕ್ಕು, ಹೊಸ ಬೋಲ್ಟು ಕಂಡರೆ ಗುದ್ದಿದ ಗಾಡಿ. ಚಾಸಿಯ ಸಂದುಗಳಲ್ಲಿ ಒಣಗಿದ ಕೆಂಪುಮಣ್ಣು ಇದ್ದರೆ ತೋಟದ ಗಾಡಿ. ಅದಕ್ಕೆ ಹೆದರಬೇಕಿಲ್ಲ, ಫೋರ್ ಬೈ ಫೋರ್ ಬಳಕೆಯಲ್ಲಾದರೂ ಇರುತ್ತದೆ. ಆದರೆ ಕ್ಲಚ್ ಬದಲಾಯಿಸುವ ಖರ್ಚು ಈಗಲೇ ಲೆಕ್ಕಕ್ಕೆ ಹಾಕಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಬ್ರೇಕ್ ಪೈಪ್‌ಗಳ ತುಕ್ಕು ಎರಡು ಸಲ ನೋಡಿ.

ಎಡ, ಬಲ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಡಬ್ಬಿಯೇ ಡಿಫರೆನ್ಷಿಯಲ್. ಮುಂದೆ, ಹಿಂದೆ ಎರಡೂ ಡಿಫರೆನ್ಷಿಯಲ್‌ನ ಆಯಿಲ್ ಪ್ಲಗ್ ಬಿಚ್ಚಿಸಿ, ಬೆರಳು ಹಾಕಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಆಯಿಲ್ ಹಾಲು ಬೆರೆಸಿದ ಕಾಫಿ ಥರ ಇದ್ದರೆ ನೀರು ಹೋಗಿದೆ. ಮಿಣಮಿಣ ಕಬ್ಬಿಣದ ಪುಡಿ ಜಾಸ್ತಿ ಸಿಕ್ಕರೆ ಅದರೊಳಗಿನ ಗೇರ್, ಕ್ರೌನ್ ಪಿನಿಯನ್ ಸವೆಯುತ್ತಿದೆ, ಎದ್ದು ಮನೆಗೆ ಬನ್ನಿ.

ಹಿಂದಿನ ದಿನವೇ ಫೋನ್ ಮಾಡಿ, ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಸ್ವಲ್ಪ ಉಸಿರು ಬರುವುದು ಸಹಜ. ಬಸ್ಸಿನ ಸೈಲೆನ್ಸರ್ ಥರ ಬುಸುಗುಟ್ಟಿದರೆ ಎಂಜಿನ್ ಒಳಗೆ ಸವೆದಿದೆ. ಆಮೇಲೆ ಗಟ್ಟಿ ಮಣ್ಣಿನ ಮೈದಾನ ಹುಡುಕಿ, ಫೋರ್ ಹೈ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗದ ಗೇರ್) ಹಾಕಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಒಂದು ಸುತ್ತು ಬನ್ನಿ. ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಗಾಡಿ ಬಿಗಿಯಾಗಬೇಕು. ಈ ಥರದ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರ ಒಂದಕ್ಕೊಂದು ಕಟ್ಟಿ ಹಾಕಿದಂತೆ ತಿರುಗುತ್ತವೆ. ತಿರುವಿನಲ್ಲಿ ಅವು ಓಡಬೇಕಾದ ದೂರ ಬೇರೆಬೇರೆ, ಅದಕ್ಕೇ ಆ ಬಿಗಿ. ಟೂ ಹೈ (ಎರಡೇ ಚಕ್ರಕ್ಕೆ ಶಕ್ತಿ) ಇದ್ದಷ್ಟೇ ಸಲೀಸಾಗಿ ತಿರುಗಿದರೆ ನನ್ನ ಹಳೆಯ ಗಾಡಿಯ ಕಥೆಯೇ. ಅದೇ ಕಾರಣಕ್ಕೆ ಒಣ ಟಾರು ರಸ್ತೆಯಲ್ಲಿ ಫೋರ್ ಹೈ ಹಾಕಿ ಓಡಿಸಬಾರದು, ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ನಾಲ್ಕೂ ಟೈರ್ ಒಂದೇ ಅಳತೆಯವು, ಹೆಚ್ಚುಕಮ್ಮಿ ಒಂದೇ ಸವೆತದವು ಇರಬೇಕು ಎನ್ನುವುದೂ ಇದಕ್ಕೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ.

ಇನ್ನೊಂದು ಪರೀಕ್ಷೆ ಒಂದು ನಿಮಿಷದ್ದು. ಸೀಟ್‌ಬೆಲ್ಟ್ ಕೊನೆಯವರೆಗೂ ಎಳೆಯಿರಿ. ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಪ್ರವಾಹದಲ್ಲಿ ಮುಳುಗಿದ ಗಾಡಿ. 2015ರ ಚೆನ್ನೈ ನೆರೆ, 2018ರ ಕೇರಳ ಮತ್ತು ಕೊಡಗಿನ ನೆರೆ ನೆನಪಿದೆಯಲ್ಲ. ಬೇರೆ ರಾಜ್ಯದ ಗಾಡಿ ತುಂಬಾ ಅಗ್ಗಕ್ಕೆ ಸಿಗುತ್ತಿದೆ ಅಂದರೆ ಇದನ್ನು ಮರೆಯಬೇಡಿ.

ಈಗ ಮಾಡೆಲ್. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನ್ನೇ ಹುಡುಕುತ್ತಿದ್ದೆ: 2014ರ ನಂತರದ ಸ್ಕಾರ್ಪಿಯೋ ಫೋರ್ ಬೈ ಫೋರ್, ಇಲ್ಲವೇ ಟಾಟಾ ಸಫಾರಿ ಸ್ಟಾರ್ಮ್ ಫೋರ್ ಬೈ ಫೋರ್. ಎರಡೂ 2.2 ಲೀಟರ್ ಡೀಸೆಲ್, ಎರಡಕ್ಕೂ ಫೋರ್ ಲೋ ಇದೆ. ಸ್ಕಾರ್ಪಿಯೋ ಮೆಕ್ಯಾನಿಕ್ ಹಿಮಾಚಲದ ಪ್ರತಿ ಊರಿನಲ್ಲೂ ಸಿಗುತ್ತಾನೆ, ಅದು ದೊಡ್ಡ ಸಮಾಧಾನ. ಸ್ಟಾರ್ಮ್ ಉದ್ದ ಪ್ರಯಾಣಕ್ಕೆ ಹೆಚ್ಚು ಹಾಯಾಗಿದೆ, ಹಿಂದೆ ಸೀಟ್ ಮಡಚಿದರೆ ಜಾಗ ಧಾರಾಳ. 2019ಕ್ಕೆ ಅದರ ತಯಾರಿಕೆ ನಿಂತಿತು, ಹಾಗಾಗಿ ಬೆಲೆಯೂ ಇಳಿದಿದೆ. ನಾನು 2021ರಲ್ಲಿ ಹಾಸನದ ಕಾಫಿ ತೋಟದವರೊಬ್ಬರಿಂದ 2016ರ ಸ್ಟಾರ್ಮ್ ತಗೊಂಡೆ. ಸರ್ವಿಸ್ ಬಿಲ್‌ಗಳನ್ನೆಲ್ಲಾ ಒಂದು ಬಿಸ್ಕತ್ ಡಬ್ಬಿಯಲ್ಲಿ ದಿನಾಂಕದ ಪ್ರಕಾರ ಜೋಡಿಸಿಟ್ಟಿದ್ದರು. ಆ ಡಬ್ಬಿ ನೋಡಿದ ಮೇಲೆ ನಾನು ಚೌಕಾಸಿ ಮಾಡಿದ್ದು ಬರೀ ಶಾಸ್ತ್ರಕ್ಕೆ.

ರೆನೋ ಡಸ್ಟರ್ ಎಡಬ್ಲ್ಯುಡಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಡಸ್ಟರ್) ಕೂಡ ಒಳ್ಳೆಯ ಆಯ್ಕೆ, ಜನ ಸುಮ್ನೆ ಕಡೆಗಣಿಸುತ್ತಾರೆ. ಅದಕ್ಕೆ ಫೋರ್ ಲೋ ಇಲ್ಲ, ಆದರೆ ಮೊದಲ ಗೇರ್ ತುಂಬಾ ಚಿಕ್ಕದು, ಏರನ್ನು ಇರುವೆಯಂತೆ ಹತ್ತುತ್ತದೆ. ಹಿಂದಿನ ಸಸ್ಪೆನ್ಷನ್ ಈ ಪಟ್ಟಿಯಲ್ಲೇ ಮೆತ್ತಗಿನದು. ಒಳಗೆ ಮಲಗುವ ಆಸೆ ಬಿಟ್ಟರೆ ನಿಮಗೆ ಅದೇ ಸಾಕಾಗಬಹುದು.

ಮಾರುತಿ ಜಿಪ್ಸಿ ನನಗೂ ಇಷ್ಟ. ಆದರೆ ಲಾರಿಯಲ್ಲಿರುವಂಥ ಗಡುಸಾದ ಪ್ಲೇಟ್ ಸ್ಪ್ರಿಂಗ್, 40 ಲೀಟರ್ ಟ್ಯಾಂಕ್, ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ ಒಳಗೆ ತುಂಬುವ ಭಾಗ) ಇಲ್ಲದ 1.3 ಪೆಟ್ರೋಲ್ ಎಂಜಿನ್. ಲೇಹ್ ಹತ್ತಿರದ ಖರ್ದುಂಗ್ ಲಾ ಪಾಸ್‌ನ ಎತ್ತರ 5,359 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯೂ ಸುಮಾರಾಗಿ ಅಷ್ಟಕ್ಕೇ ಇಳಿಯುತ್ತದೆ. ಜಿಪ್ಸಿ ಹತ್ತುವುದಿಲ್ಲ ಅಂತಲ್ಲ, ನಮ್ಮ ಸೈನ್ಯ ವರ್ಷಗಟ್ಟಲೆ ಹತ್ತಿಸಿದೆ. ಆದರೆ ನಿಮ್ಮ ಮಗಳು ಸೈನ್ಯದಲ್ಲಿಲ್ಲ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ತಾಂಡಿಯ ಪೆಟ್ರೋಲ್ ಬಂಕಿನ ಹತ್ತಿರ ಮುಂದಿನ ಬಂಕ್ 365 ಕಿ.ಮೀ. ಎಂಬ ಬೋರ್ಡ್ ಹೆಸರುವಾಸಿ, ಎಲ್ಲರೂ ನಿಂತು ಫೋಟೋ ತೆಗೆಯುವಂಥದ್ದು. ಜಿಪ್ಸಿಯವರು ಅಲ್ಲಿ ಫೋಟೋ ತೆಗೆಯುವುದಿಲ್ಲ, ಕ್ಯಾನ್ ತುಂಬಿಸುತ್ತಾರೆ.

ಹಳೆಯ ಫಾರ್ಚೂನರ್, ಎಂಡೆವರ್ ನಿಮ್ಮ ಬಜೆಟ್‌ಗೆ ಸಿಗುತ್ತವೆ. ಕೊಳ್ಳಲು ಅಗ್ಗ, ಸಾಕಲು ಆನೆ. ಬೇಡ.

ಕಾಗದಪತ್ರ. ಆರ್‌ಸಿ ಅವಧಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಉಳಿದಿರಬಹುದು, ಅದನ್ನು ತೆಗೆಸಿಯೇ ದುಡ್ಡು ಕೊಡಿ. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ, ಮೇಲೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್. ಅದನ್ನು ಸೇರಿಸಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ. ಎತ್ತರಿಸಿದ, ದೈತ್ಯ ಟೈರ್ ಹಾಕಿದ, ಕಬ್ಬಿಣದ ಬಂಪರ್ ಕಟ್ಟಿದ ಗಾಡಿಗಳಿಂದ ದೂರವಿರಿ. ಪೊಲೀಸರ ಕಿರಿಕಿರಿ ಒಂದು ಕಡೆ, ಹಾಗೆ ಮಾಡಿಸಿದವರು ಗಾಡಿಯನ್ನು ಹೇಗೆ ಓಡಿಸಿರುತ್ತಾರೆ ಎನ್ನುವುದು ಇನ್ನೊಂದು ಕಡೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಯಾದರೆ ದೆಹಲಿ ಸುತ್ತಮುತ್ತಲ ಎನ್‌ಸಿಆರ್ ಪ್ರದೇಶದ ನಿರ್ಬಂಧ ನೆನಪಿರಲಿ. ಕೋರ್ಟಿನಲ್ಲಿ ಅದು ಬದಲಾಗುತ್ತಲೇ ಇದೆ, ಹೊರಡುವ ವಾರ ವಿಚಾರಿಸಿ. ನಾನು ದೆಹಲಿಯ ಗೋಜೇ ಬೇಡ ಅಂತ ಅಜ್ಮೀರ್, ಬಿಕಾನೇರ್, ಹನುಮಾನ್‌ಗಢದ ಮೇಲೆ ಹೋಗಿ ಅಮೃತಸರ ಸೇರಿದೆ. ರಸ್ತೆಯೂ ಖಾಲಿ ಇತ್ತು.

9 ಲಕ್ಷವನ್ನೂ ಗಾಡಿಗೆ ಸುರಿಯಬೇಡಿ. 7 ಲಕ್ಷದ ಆಸುಪಾಸಿನಲ್ಲಿ ಮುಗಿಸಿ, ಉಳಿದದ್ದು ಇಟ್ಟುಕೊಳ್ಳಿ. ಸ್ಟೆಪ್ನಿ ಸೇರಿ ಐದು ಟೈರ್, ಕ್ಲಚ್, ಶಾಕ್ ಅಬ್ಸಾರ್ಬರ್, ಬ್ಯಾಟರಿ, ಎಲ್ಲಾ ಬೆಲ್ಟು ಮತ್ತು ಹೋಸ್, ಎಲ್ಲಾ ಆಯಿಲ್. ಇದನ್ನು ಹೊರಡುವ ಎರಡು ತಿಂಗಳ ಮೊದಲೇ ಮಾಡಿಸಿ, ಕುದುರೆಮುಖದ ಕಡೆ ಎರಡು ದಿನ ಓಡಿಸಿ ಬನ್ನಿ. ಹೊಸದಾಗಿ ಹಾಕಿದ್ದು ಕೈಕೊಟ್ಟರೆ ಇಲ್ಲೇ ಕೊಡಲಿ.

ಛಾವಣಿ ಮೇಲಿನ ಟೆಂಟ್ ಬೇಡ, ತಲೆಭಾರವಾಗುತ್ತದೆ. ಬಡಗಿಯಿಂದ ಪ್ಲೈವುಡ್ ಹಲಗೆ ಮಾಡಿಸಿ ಹಿಂದೆ ಹಾಸಿದರೆ ಇಬ್ಬರು ಮಲಗಬಹುದು. ಮೂವರು ಆಗುವುದಿಲ್ಲ, ಸಣ್ಣ ಟೆಂಟ್ ಒಂದು ಇರಲಿ. ಕೊಳ್ಳುವ ಮೊದಲೇ ಸೀಟ್ ಮಡಚಿಸಿ ಅದೇ ಚಾಪೆ ಹಾಸಿ ಒಳಗೂ ಮಲಗಿ ನೋಡಿ. ಬ್ರೋಕರ್ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಕೊನೆಗೆ, ಗಾಡಿ ಫೈನಲ್ ಮಾಡುವ ದಿನ ಮಗಳನ್ನೂ ಕರೆದುಕೊಂಡು ಹೋಗಿ. ಹಿಂದಿನ ಸೀಟಿನಲ್ಲಿ ಕೂರಿಸಿ, ಹಾಳು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ. ಸ್ಟಾರ್ಮ್‌ಗೆ ಮುಂಚೆ ನಾನು ಇನ್ನೊಂದು ಗಾಡಿಯನ್ನು ಮನಸ್ಸಿನಲ್ಲೇ ತಗೊಂಡಾಗಿತ್ತು. ಹತ್ತನೇ ನಿಮಿಷಕ್ಕೆ ನನ್ನ ಮಗ ಹಿಂದೆ ವಾಂತಿ ಮಾಡಿಕೊಂಡ. ಸೀಟ್ ತೊಳೆದು, ಒರೆಸಿ, ಕೀಲಿ ವಾಪಸ್ ಕೊಟ್ಟು ಆಟೋ ಹತ್ತಿದೆವು.